ವಾರಕ್ಕೆ ಆರು ದಿನ

ಜನವರಿ 9

ಅಕ್ಕಾ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ಬರೆಯಲಿಲ್ಲ ಅಂತ ಮುಖ ಗಂಟು ಹಾಕಿಕೊಂಡು ಕೂತಿರುತ್ತೀಯ, ಗೊತ್ತು. ಏನು ಮಾಡಲಿ, ಮನೆಯಲ್ಲಿದ್ದರೆ ತಾನೆ ಬರೆಯುವುದು! ಫೋನ್ ಮಾಡೋಣವೆಂದರೆ ನಿನ್ನ ಕಿವಿಗೆ ನಾನು ಹೇಳಿದ್ದರಲ್ಲಿ ಕಾಲು ಭಾಗ ಕೇಳುತ್ತದೆ, ಮುಕ್ಕಾಲು ಭಾಗ ನೀನೇ ಊಹೆ ಮಾಡಿಕೊಳ್ಳುತ್ತೀಯ. ಕಾಗದವೇ ವಾಸಿ.

ನಮ್ಮ ನಗರಸಭೆಯವರು ಹಿರಿಯರಿಗೆ ವ್ಯಾನು ಬಿಟ್ಟಿದ್ದಾರೆ ಅಂತ ಹಿಂದೆ ಬರೆದಿದ್ದೆನಲ್ಲ, ಅದಕ್ಕೆ ಈಗ ವರ್ಷ ತುಂಬಿತು. ಬಿಳಿ ವ್ಯಾನು, ಹನ್ನೆರಡು ಸೀಟು. ಅರವತ್ತೈದು ದಾಟಿದವರು ಹಿಂದಿನ ದಿನ ಫೋನ್ ಮಾಡಿ ಹೇಳಿದರೆ ಸಾಕು, ಮನೆ ಬಾಗಿಲಿಗೇ ಬರುತ್ತದೆ. ಆಸ್ಪತ್ರೆ, ಬ್ಯಾಂಕು, ಮಾರ್ಕೆಟ್ಟು, ಕೆರೆ ಪಕ್ಕದ ಪಾರ್ಕು, ಎಲ್ಲಿಗೆ ಬೇಕಾದರೂ. ಒಂದು ಕಾಸೂ ಕೊಡಬೇಕಿಲ್ಲ. ಡ್ರೈವರ್ ಭಲೇ ಮಾತುಗಾರ. ಬೀದಿಯಲ್ಲಿ ಬೆಕ್ಕು ಕಂಡರೂ ಹಾರ್ನ್ ಹೊಡೆಯುತ್ತಾನೆ, ಅದಕ್ಕೇ ಹಾರ್ನಪ್ಪ ಅಂತ ಹೆಸರಿಟ್ಟಿದ್ದೇವೆ.

ಬಾಗಿಲ ಪಕ್ಕದ ಸೀಟು ನನ್ನದು. ಅಲ್ಲಿ ಬೇರೆ ಯಾರೂ ಕೂರುವುದಿಲ್ಲ. ಮೊನ್ನೆ ಹೊಸಬಳೊಬ್ಬಳು ಕೂರಲು ಹೋದಾಗ ಗಡಿಯಾರ ರಿಪೇರಿಯ ತಾತ, 'ಅದು ಅವರ ಜಾಗ, ಏಳಮ್ಮ' ಅಂತ ಎಬ್ಬಿಸಿದರು. ನಾನು ಬಾಗಿಲಲ್ಲಿ ಕಾಣದಿದ್ದರೆ ಆ ತಾತ ವ್ಯಾನೇ ಹತ್ತುವುದಿಲ್ಲ. ಅಂದಹಾಗೆ ನನಗೊಂದು ಹೊಸ ನೀಲಿ ಕೋಟು ಬಂದಿದೆ. ಅಳತೆ ತೆಗೆದು ಹೊಲಿಸಿದ್ದು, ಎರಡು ದೊಡ್ಡ ಜೇಬು. ಹಾಕಿಕೊಂಡು ನಡೆದರೆ ಜನ ದಾರಿ ಬಿಡುತ್ತಾರೆ.

ನಿಮ್ಮ ಊರಿನಲ್ಲಿ ಇಂಥದ್ದು ಇನ್ನೂ ಬಂದಿಲ್ಲವಾ? ಪಾಪ.

ನಿನ್ನ
ಮರಿ


ಜನವರಿ 20

ಮರಿ,

ನೀಲಿ ಕೋಟಿನ ಸಮಾಚಾರ ಓದಿ ಸಂತೋಷವಾಯಿತು. ಅರವತ್ತಾರನೇ ವಯಸ್ಸಿನಲ್ಲಿ ಅಳತೆ ಕೊಟ್ಟು ಕೋಟು ಹೊಲಿಸಿಕೊಂಡವಳು ನಮ್ಮ ಮನೆತನದಲ್ಲಿ ನೀನೇ ಮೊದಲು. ಇರಲಿ, ನಿನ್ನವರ ಫೋಟೋ ಸ್ಟುಡಿಯೋ ಮಾರಿದ ದುಡ್ಡು ಬ್ಯಾಂಕಿನಲ್ಲಿದೆ, ಬಡ್ಡಿ ಬರುತ್ತದೆ, ಹಾಕಿಕೊಳ್ಳುವ ವಯಸ್ಸು ಅನ್ನಿಸಿದರೆ ಹಾಕಿಕೋ. ಆ ಗಡಿಯಾರದವನು ಯಾರು? ಹೆಂಡತಿ ಇದ್ದಾಳೋ ಇಲ್ಲವೋ?

ಇಲ್ಲಿ ನಾನೂ ಸುಮ್ಮನೆ ಕೂತಿಲ್ಲ. ಬೆಳಗ್ಗೆ ಒಂದು ಸುತ್ತು ನಡೆದು ಬರುತ್ತೇನೆ, ಲೈಬ್ರರಿಗೆ ಹೋಗುತ್ತೇನೆ, ಹಳೇ ಸಹೋದ್ಯೋಗಿಗಳು ಬಂದು ಫೈಲಿನ ವಿಷಯ ಕೇಳಿಕೊಂಡು ಹೋಗುತ್ತಾರೆ. ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ವ್ಯಾನು ನಮ್ಮಲ್ಲಿ ಬಂದಿಲ್ಲ. ಬರುವ ಲಕ್ಷಣವೂ ಇಲ್ಲ. ಮೂವತ್ತನಾಲ್ಕು ವರ್ಷ ಇದೇ ನಗರಸಭೆಯ ಬಜೆಟ್ ವಿಭಾಗದಲ್ಲಿ ಗುಮಾಸ್ತೆಯಾಗಿದ್ದವಳು ನಾನು. ಎಲ್ಲಿ ಎಷ್ಟು ಮಿಗುತ್ತದೆ ಅಂತ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಅಧ್ಯಕ್ಷರ ಕೋಣೆಗೆ ಹೊಸ ಸೋಫಾ ಬಂದಿದೆ. ಹಿರಿಯರಿಗೆ ವ್ಯಾನು ಕೇಳಿದರೆ, 'ಈ ವರ್ಷ ಅನುದಾನ ಇಲ್ಲಮ್ಮ, ಮುಂದಿನ ವರ್ಷ ನೋಡೋಣ' ಅಂತ ನನಗೇ ಪಾಠ ಹೇಳಿ ಕಳಿಸುತ್ತಾರೆ. ಆ ಮಾತನ್ನು ಜನರಿಗೆ ಹೇಳಲು ಅವರಿಗೆ ಕಲಿಸಿದವಳೇ ನಾನು.

ಚಳಿ ಜೋರಾಗಿದೆ. ಕೋಟಿಲ್ಲದವರು ಹೊದ್ದುಕೊಂಡು ಕೂತಿದ್ದೇವೆ.

ನಿನ್ನ ಅಕ್ಕ


ಫೆಬ್ರವರಿ 3

ಅಕ್ಕಾ,

ನಿನ್ನ ಕಾಗದ ಓದಿ ನಕ್ಕು ನಕ್ಕು ಸಾಕಾಯಿತು. ಗಡಿಯಾರದ ತಾತನಿಗೆ ಎಂಬತ್ತೊಂದು ವರ್ಷ, ಹೆಂಡತಿಯೂ ಇದ್ದಾರೆ, ಅವರೂ ಅದೇ ವ್ಯಾನಿನಲ್ಲಿ ಬರುತ್ತಾರೆ. ನಿನ್ನ ತಲೆ ಎಲ್ಲೆಲ್ಲಿಗೆ ಓಡುತ್ತದೋ!

ಈ ವಾರ ಏನೇನಾಯಿತು ಕೇಳು. ಸೋಮವಾರ ಕೆರೆ ಪಾರ್ಕಿಗೆ ಹೋಗಿದ್ದೆವು. ಬೆಂಚಿನ ಮೇಲೆ ಎಂಟು ಜನ ಬಿಸಿಲು ಕಾಯಿಸಿಕೊಂಡೆವು. ಮಂಗಳವಾರ ಮಾರ್ಕೆಟ್ಟು, ಬುಧವಾರ ಕಣ್ಣಿನ ಆಸ್ಪತ್ರೆ, ಗುರುವಾರ ಮತ್ತೆ ಮಾರ್ಕೆಟ್ಟು. ಶುಕ್ರವಾರ ಬೇಕರಿ ಅಮ್ಮ ಎಲ್ಲರಿಗೂ ಬಿಸಿ ಬನ್ನು ಹಂಚಿದರು. ಊರಿನ ದೊಡ್ಡ ಬೇಕರಿ ಅವರದ್ದೇ, ಕಾಲು ಬಾತುಕೊಂಡಿರುವುದರಿಂದ ಅಂಗಡಿಗೆ ವ್ಯಾನಿನಲ್ಲೇ ಹೋಗುತ್ತಾರೆ. ಶನಿವಾರ ಸಿನಿಮಾ ಮಂದಿರಕ್ಕೆ. ವಾರಕ್ಕೆ ಆರು ದಿನ ನಾನು ವ್ಯಾನಿನಲ್ಲೇ ಇರುತ್ತೇನೆ ಅಂದುಕೋ. ಭಾನುವಾರ ಒಂದು ದಿನ ಮನೆಯಲ್ಲಿ ಕೂತರೆ ಮೈಯೆಲ್ಲ ನೋವು!

ನೀನು ಹೇಗೂ ದಿನಾ ನಡೆಯುತ್ತೀಯ, ನಿನಗೆ ವ್ಯಾನಿನ ಹಂಗೇಕೆ? ಮೊದಲಿಂದಲೂ ನೀನು ಯಾರ ಹಂಗಿಗೂ ಬಿದ್ದವಳಲ್ಲ.

ನಿನ್ನ
ಮರಿ


ಫೆಬ್ರವರಿ 12

ಮರಿ,

ಆರು ದಿನ! ಇಡೀ ಊರಿನ ಮುದುಕರಿಗೆ ಇರುವ ವ್ಯಾನಿನಲ್ಲಿ ನೀನೊಬ್ಬಳೇ ಆರು ದಿನ. ಓದಿ ನಗು ಬಂತು ಅಂತ ಬರೆಯಬೇಕು, ಬರಲಿಲ್ಲ. ಚಿಕ್ಕಂದಿನಲ್ಲೂ ಹೀಗೇ. ಅಪ್ಪನ ಸೈಕಲ್ಲಿನ ಮುಂದಿನ ಕಂಬಿ ಯಾವಾಗಲೂ ನಿನಗೆ. ನಾನು ದೊಡ್ಡವಳು, ಅರ್ಥ ಮಾಡಿಕೊಳ್ಳುತ್ತೇನೆ ಅಂತ ಹಿಂದೆ ನಡೆದು ಬರಬೇಕಿತ್ತು. ಈಗ ನನಗೆ ಎಪ್ಪತ್ಮೂರು, ಇನ್ನೂ ಅರ್ಥ ಮಾಡಿಕೊಳ್ಳುತ್ತಲೇ ಇದ್ದೇನೆ.

ಅದಿರಲಿ. ನಮ್ಮ ಊರಿಗೂ ಒಂದು ವ್ಯಾನು ತರಿಸಲೇಬೇಕು ಅಂತ ಕೂತಿದ್ದೇನೆ. ನನಗಾಗಿ ಅಲ್ಲ. ಇಲ್ಲಿ ಪಾಪ, ನಡೆಯಲಾರದವರು ಎಷ್ಟೋ ಜನರಿದ್ದಾರೆ. ಆದ್ದರಿಂದ ಕೆಲವು ವಿಷಯ ತಿಳಿಸು. ವ್ಯಾನಿಗೆ ಹಣ ಕೊಡುವುದು ನಿಮ್ಮ ನಗರಸಭೆಯೋ, ಜಿಲ್ಲಾ ಕಚೇರಿಯೋ? ಒಬ್ಬರು ವಾರಕ್ಕೆ ಎಷ್ಟು ಸಲ ಹೋಗಬಹುದು? ಅದನ್ನು ನೋಡಿಕೊಳ್ಳುವವರು ಯಾರಾದರೂ ಇದ್ದಾರೋ, ಇಲ್ಲ ನಿಮ್ಮದೇ ರಾಜ್ಯಭಾರವೋ?

ವಿವರವಾಗಿ ಬರಿ. ನಿನ್ನ ಕಾಗದಗಳನ್ನು ನಾನು ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದೇನೆ.

ನಿನ್ನ ಅಕ್ಕ


ಫೆಬ್ರವರಿ 25

ಅಕ್ಕಾ,

ನಿನಗೆ ನನ್ನಿಂದ ಏನಾದರೂ ಬೇಕಾಗಿದೆ ಅಂದರೆ ನನಗೆ ಎಷ್ಟು ಖುಷಿ ಗೊತ್ತಾ? ಎಂದೂ ಕೇಳಿದವಳಲ್ಲ ನೀನು.

ಹಣ ಕೊಡುವುದು ಜಿಲ್ಲಾ ಕಚೇರಿ. ಅಲ್ಲಿ ಹಿರಿಯರ ಸಾರಿಗೆಗೆ ಅಂತಲೇ ಒಂದು ಅನುದಾನ ಇದೆಯಂತೆ. ನಿಮ್ಮ ಊರೂ ನಮ್ಮ ಊರೂ ಒಂದೇ ಜಿಲ್ಲೆಗೆ ಸೇರಿರುವುದರಿಂದ ನೀವೂ ಕೇಳಬಹುದು. ಆದರೆ ಈಗ ಇರುವುದು ಒಂದೇ ವ್ಯಾನಿಗೆ ಸಾಕಾಗುವಷ್ಟು ಹಣ ಅಂತ ಹಾರ್ನಪ್ಪ ಹೇಳಿದ. ಒಬ್ಬರಿಗೆ ವಾರಕ್ಕೆ ಎರಡು ಸಲ ಅಂತ ನಿಯಮ. ನನಗೆ ಮಾತ್ರ ಆ ನಿಯಮ ಇಲ್ಲ! ಯಾಕೆ ಅಂತ ಕೇಳಬೇಡ, ನಿನ್ನ ತಂಗಿ ಈ ಊರಿನಲ್ಲಿ ಒಬ್ಬ ಗಣ್ಯ ವ್ಯಕ್ತಿ ಅಂತ ತಿಳಿದುಕೋ. ನಾನು ಹೂಂ ಅನ್ನದೆ ವ್ಯಾನು ಹೊರಡುವುದಿಲ್ಲ.

ನೀನು ಅರ್ಜಿ ಬರೆದರೆ ಸಿಗದೇ ಇರುತ್ತದೆಯೇ? ಅರ್ಜಿ ಬರೆಯುವುದರಲ್ಲಿ ನೀನು ಎತ್ತಿದ ಕೈ.

ನಿನ್ನ
ಮರಿ


ಮಾರ್ಚ್ 5

ಇವರಿಗೆ,
ಜಿಲ್ಲಾ ಅಧಿಕಾರಿಗಳು,
ಹಿರಿಯ ನಾಗರಿಕರ ಸಾರಿಗೆ ವಿಭಾಗ

ಮಾನ್ಯರೇ,

ವಿಷಯ: ನಮ್ಮ ಊರಿಗೆ ಹಿರಿಯರ ವ್ಯಾನು ಒದಗಿಸುವ ಬಗ್ಗೆ.

ಸದರಿ ಅನುದಾನ ಇಡೀ ಜಿಲ್ಲೆಗೆ ಸೇರಿದ್ದು. ಆದರೆ ವ್ಯಾನು ಒಂದೇ ಊರಿನಲ್ಲಿ ಓಡುತ್ತಿದೆ. ಒಬ್ಬರಿಗೆ ವಾರಕ್ಕೆ ಎರಡು ಸಲ ಎಂಬ ನಿಯಮವಿದ್ದರೂ ಅದನ್ನು ಪಾಲಿಸುತ್ತಿಲ್ಲ. ಇದಕ್ಕೆ ಉದಾಹರಣೆಯಾಗಿ ನನ್ನ ಸ್ವಂತ ತಂಗಿ, ವಯಸ್ಸು ಅರವತ್ತಾರು ವರ್ಷ ನಾಲ್ಕು ತಿಂಗಳು, ಇವರು ವಾರದಲ್ಲಿ ಆರು ದಿನ ಪಾರ್ಕು, ಸಿನಿಮಾ, ಮಾರ್ಕೆಟ್ಟು ಎಂದು ಸದರಿ ವ್ಯಾನಿನಲ್ಲಿ ವಿಹರಿಸುತ್ತಿರುವುದಾಗಿ ಸ್ವತಃ ಬರೆದ ಎರಡು ಪತ್ರಗಳ ನಕಲನ್ನು ವಿಳಾಸ ಸಮೇತ ಲಗತ್ತಿಸಿದ್ದೇನೆ. ನನಗೆ ಯಾರ ಮೇಲೂ ವೈಯಕ್ತಿಕ ದ್ವೇಷವಿಲ್ಲ. ನಿಯಮದಂತೆ ನಡೆದರೆ ಅದೇ ಹಣದಲ್ಲಿ ಮೂರು ದಿನ ಅಲ್ಲಿ, ಮೂರು ದಿನ ಇಲ್ಲಿ ವ್ಯಾನು ಓಡಿಸಬಹುದು ಎಂದು ಅನುಭವದಿಂದ ಹೇಳುತ್ತಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಗುಮಾಸ್ತೆ, ಬಜೆಟ್ ವಿಭಾಗ


ಮಾರ್ಚ್ 8

ಮರಿ,

ಅರ್ಜಿ ಹಾಕಿದೆ. ಒಂದೂವರೆ ಪುಟ. ನೀನು ಕೊಟ್ಟ ವಿವರಗಳು ಬಹಳ ಉಪಯೋಗಕ್ಕೆ ಬಂದವು. ಅರ್ಜಿಯಲ್ಲಿ ಎಲ್ಲವೂ ಸಾಮಾನ್ಯವಾದ ಮಾತುಗಳೇ, ನಿನಗೆ ಬೇಜಾರು ಬರುವಂಥವು, ಅದಕ್ಕೇ ನಕಲು ಕಳಿಸುತ್ತಿಲ್ಲ.

ನಿನ್ನ ವಿಹಾರ ಹೇಗೆ ನಡೆದಿದೆ?

ನಿನ್ನ ಅಕ್ಕ


ಏಪ್ರಿಲ್ 19

ಅಕ್ಕಾ,

ನಿನ್ನ ಕಾಗದಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ. ಇಲ್ಲಿ ಹೊಸ ಆರ್ಡರ್ ಬಂದಿದೆ. ವ್ಯಾನು ಇನ್ನು ವಾರಕ್ಕೆ ಮೂರೇ ದಿನ. ಉಳಿದ ಮೂರು ದಿನ ಬೇರೆ ಊರಿಗೆ. ಅದು ನಿಮ್ಮ ಊರೇ ಇರಬೇಕು. ನಿನಗೆ ಒಳ್ಳೆಯದಾಯಿತು.

ನಾನು ಈಗ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದೇನೆ. ತಿರುಗಾಡಿ ಸಾಕಾಗಿತ್ತು.

ಫೆಬ್ರವರಿ ಮೂರರಂದು ನಾನು ನಿನಗೊಂದು ಕಾಗದ ಬರೆದಿದ್ದೆ. ಅದು ನಿನ್ನ ಹತ್ತಿರವೇ ಇದೆಯಾ? ಇದ್ದರೆ ಕಳಿಸಿಕೊಡು. ಏನು ಬರೆದಿದ್ದೆ ಅಂತ ಒಮ್ಮೆ ನೋಡಬೇಕು.

ಮರಿ


ಏಪ್ರಿಲ್ 28

ಮರಿ,

ಸಿಕ್ಕಿತು! ಮೇ ತಿಂಗಳಿಂದ ನಮ್ಮ ಊರಿಗೆ ಸೋಮವಾರ, ಬುಧವಾರ, ಶುಕ್ರವಾರ ವ್ಯಾನು. ನಗರಸಭೆ ಅಧ್ಯಕ್ಷರೇ ಮನೆಗೆ ಬಂದು, 'ನಿಮ್ಮ ಅರ್ಜಿ ನೋಡಿ ಜಿಲ್ಲಾ ಅಧಿಕಾರಿಗಳು ದಂಗಾಗಿಬಿಟ್ಟರಮ್ಮ' ಅಂದರು. ಹದಿನೆಂಟು ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದರು. ನಾನು ಟೀ ಕೊಟ್ಟೆ, ಸೋಫಾದ ಬಗ್ಗೆ ಏನೂ ಕೇಳಲಿಲ್ಲ.

ನೋಡು, ನಿನಗೆ ಮೂರು ದಿನ ಕಡಿಮೆಯಾಯಿತು ಅಂತ ಬೇಸರ ಮಾಡಿಕೊಳ್ಳಬೇಡ. ಹಂಚಿಕೊಂಡು ತಿನ್ನುವುದನ್ನು ಚಿಕ್ಕಂದಿನಲ್ಲೇ ಕಲಿಯಬೇಕಿತ್ತು, ಈಗಲಾದರೂ ಕಲಿ. ಮೊದಲ ಸೋಮವಾರಕ್ಕೆ ಹೆಸರು ಬರೆಸಿದ್ದೇನೆ. ಕಣ್ಣಿನ ಡಾಕ್ಟರು, ಆಮೇಲೆ ಬ್ಯಾಂಕು, ಆಮೇಲೆ ಎಲ್ಲಾದರೂ ಒಂದು ಬೆಂಚು.

ನೀನು ಕೇಳಿದ ಕಾಗದ ಇಲ್ಲೇ ಎಲ್ಲೋ ಇರಬೇಕು. ಹುಡುಕಿ ನೋಡುತ್ತೇನೆ.

ನಿನ್ನ ಅಕ್ಕ


ಮೇ 16

ಮರಿ,

ನಿನ್ನ ಉತ್ತರ ಬಂದಿಲ್ಲ. ಬರುವುದಿಲ್ಲ ಅಂತಲೂ ಗೊತ್ತಾಗಿದೆ. ಆದರೂ ನಾನು ಬರೆಯಬೇಕು.

ಮೊದಲು ಒಂದು ಸುಳ್ಳು ಕಕ್ಕಿಬಿಡುತ್ತೇನೆ. ನಾನು ಬೆಳಗ್ಗೆ ನಡೆಯುತ್ತಿಲ್ಲ. ಲೈಬ್ರರಿಗೆ ಹೋಗಿ ವರ್ಷವಾಗಿದೆ. ಎಡಮಂಡಿ ಹೋಗಿದೆ ಮರಿ. ಕಳೆದ ಡಿಸೆಂಬರಿನಿಂದ ನಾನು ಮೆಟ್ಟಿಲು ಇಳಿದಿರಲಿಲ್ಲ. ಸಾಮಾನು, ಔಷಧಿ ಎಲ್ಲವನ್ನೂ ಕೆಳಗಿನ ಔಷಧಿ ಅಂಗಡಿಯವಳು ಬುಟ್ಟಿಯಲ್ಲಿಟ್ಟು ಹಗ್ಗ ಕಟ್ಟಿ ಕೊಡುತ್ತಾಳೆ, ನಾನು ಎಳೆದುಕೊಳ್ಳುತ್ತೇನೆ. ಹಳೇ ಸಹೋದ್ಯೋಗಿಗಳೂ ಯಾರೂ ಬರುವುದಿಲ್ಲ. ಕಿಟಕಿಯಲ್ಲಿ ಕೂತು ನಿನ್ನ ಕಾಗದ ಓದುವುದೇ ನನ್ನ ಕೆಲಸವಾಗಿತ್ತು. ನೀನು ಕೆರೆಗೆ ಹೋದೆ ಅಂದರೆ ನನಗೆ ಆ ರಾತ್ರಿ ಊಟ ಸೇರುತ್ತಿರಲಿಲ್ಲ.

ಆ ಸೋಮವಾರ ಒಂಬತ್ತಕ್ಕೇ ಇಳಿಯಲು ಶುರು ಮಾಡಿದೆ. ಪ್ರತಿ ಮೆಟ್ಟಿಲ ಮೇಲೂ ಕೂತು, ಮಗು ಇಳಿದ ಹಾಗೆ. ಔಷಧಿ ಅಂಗಡಿಯವಳು ಹಿಂದಿನಿಂದ ನನ್ನ ಕೈಚೀಲ ಹಿಡಿದುಕೊಂಡು ಬಂದಳು. ಹತ್ತಕ್ಕೆ ಸರಿಯಾಗಿ ವ್ಯಾನು ಬಂತು, ಮೂರು ಸಲ ಹಾರ್ನ್ ಹೊಡೆಯಿತು. ಬಾಗಿಲು ಸರಿಯಿತು. ವ್ಯಾನಿನ ಮೆಟ್ಟಿಲು ಎಷ್ಟು ಎತ್ತರವಿದೆ ಅಂತ ನಿನಗೆ ಗೊತ್ತೇ ಇದೆ. ನನ್ನ ಮಂಡಿಯವರೆಗೆ. ಒಳಗೆ ಒಬ್ಬರು ಮಾತ್ರ ಕೂತಿದ್ದರು, ಅವರೂ ಗಟ್ಟಿಮುಟ್ಟಾದ ಗಂಡಸು, ಪೇಪರ್ ಓದುತ್ತಿದ್ದರು. ಔಷಧಿ ಅಂಗಡಿಯವಳು ನನ್ನನ್ನು ತಳ್ಳಿ ನೋಡಿದಳು, ಅವಳೋ ಕಡ್ಡಿ ಪೈಲ್ವಾನ್, ಇಬ್ಬರೂ ಬೀಳುವುದರಲ್ಲಿದ್ದೆವು.

'ಇಳಿದು ಸ್ವಲ್ಪ ಕೈ ಕೊಡಪ್ಪ' ಅಂದೆ ಡ್ರೈವರಿಗೆ.

'ನಾನು ಸೀಟು ಬಿಟ್ಟು ಇಳಿಯೋ ಹಾಗಿಲ್ಲ ಅಮ್ಮಾ, ಆರ್ಡರ್ ಇದೆ' ಅಂದ. 'ಈ ಕೆಲಸಕ್ಕೇ ಅಂತ ಮೊದಲು ಒಬ್ಬರಿದ್ರು. ನಮ್ಮ ಆಯಮ್ಮ. ನೀಲಿ ಕೋಟು ಹಾಕ್ಕೊಂಡು ಈ ಬಾಗಿಲ ಪಕ್ಕದ ಸೀಟಲ್ಲೇ ಕೂರೋರು. ತೊಂಬತ್ತು ಕೆಜಿ ತೂಗೋ ಗಡಿಯಾರದ ತಾತನ್ನೂ ಒಂದೇ ಏಟಿಗೆ ಮೇಲಕ್ಕೆ ತಗೊಳ್ಳೋರು. ಎಲ್ಲರೂ ಸರಿಯಾಗಿ ಕೂತಿದಾರೆ ಅಂತ ನೋಡಿ ಅವರು ಹೂಂ ಅಂದ ಮೇಲೇ ನಾನು ಗಾಡಿ ಬಿಡ್ತಿದ್ದೆ.'

ನನ್ನ ಕೈ ಬಾಗಿಲ ಕಂಬಿಯ ಮೇಲೇ ಇತ್ತು.

'ಅವರೆಲ್ಲಿ ಈಗ?' ಅಂತ ಕೇಳಿದೆ.

'ತೆಗೆದುಬಿಟ್ರು. ಯಾರೋ ಪುಣ್ಯಾತ್ಗಿತ್ತಿ ಅವರ ವಯಸ್ಸು ವರ್ಷ, ತಿಂಗಳು ಸಮೇತ ಬರೆದು ಅರ್ಜಿ ಹಾಕಿದ್ಲಂತೆ. ಅರವತ್ತು ದಾಟಿದೋರು ಆ ಕೆಲಸದಲ್ಲಿ ಇರಬಾರದಂತೆ. ಆಫೀಸರ್ ಬಂದು ಪ್ರಯಾಣಿಕರ ಪಟ್ಟೀಲಿ ಅವರ ಹೆಸರು ಹುಡುಕಿದ್ರು, ಸಿಗಲಿಲ್ಲ. ಕೆಲಸದೋರ ಪಟ್ಟೀಲಿ ಸಿಕ್ತು. ಅಲ್ಲೇ ರಸ್ತೇಲಿ ಎಲ್ಲರ ಎದುರಿಗೇ ಕೋಟು ಬಿಚ್ಚಿಸಿಕೊಂಡ್ರು.'

'ಅವರ ಜಾಗಕ್ಕೆ ಇನ್ನೊಬ್ಬರನ್ನ ಹಾಕಲಿಲ್ವಾ?'

'ಎಲ್ಲಿ ಹಾಕ್ತಾರಮ್ಮ? ಅವರ ಸಂಬಳ ಉಳಿಸಿದ್ದೇ ಈ ಊರಿಗೆ ಬರೋ ಡೀಸೆಲ್ ಖರ್ಚಿಗೆ.'

ಮರಿ, ನಾನು ಮೂವತ್ತನಾಲ್ಕು ವರ್ಷ ಯಾರ ಹೆಸರು ಬರೆದರೂ ಪಕ್ಕದಲ್ಲಿ ವಯಸ್ಸು ಬರೆದವಳು. ಪೆನ್ನು ತಾನಾಗಿ ಬರೆಯಿತು ಅಂತ ಹೇಳಬಹುದು. ಅದು ಅರ್ಧ ನಿಜ. ವಯಸ್ಸು ಅಭ್ಯಾಸದಿಂದ ಬಂತು. ಆದರೆ ನಿನ್ನ ವಿಷಯ ಅರ್ಜಿಯಲ್ಲಿ ಬಂದದ್ದು ಅಭ್ಯಾಸದಿಂದಲ್ಲ. ಹೊಟ್ಟೆಕಿಚ್ಚಿನಿಂದ. ನಿನ್ನ ತಪ್ಪು ಹೇಳದೆಯೂ ವ್ಯಾನು ಕೇಳಬಹುದಿತ್ತು. ಮೊದಲು ಹಾಗೇ ಒಂದು ಅರ್ಜಿ ಬರೆದಿದ್ದೆ, ಅದೇ ಚೆನ್ನಾಗಿತ್ತು. ಆಮೇಲೆ ನಿನ್ನ ಕಾಗದ ಮತ್ತೊಮ್ಮೆ ಓದಿದೆ. ನಾನು ಕಿಟಕಿಯಲ್ಲಿ ಕೊಳೆಯುತ್ತಿರುವಾಗ ನೀನು ಬೆಂಚಿನ ಮೇಲೆ ಬಿಸಿಲು ಕಾಯಿಸುವುದನ್ನು ನನ್ನ ಕೈಯಲ್ಲಿ ಸಹಿಸಲಾಗಲಿಲ್ಲ. ಆ ಅರ್ಜಿ ಹರಿದು ಇನ್ನೊಂದು ಬರೆದೆ.

ವ್ಯಾನು ಹೊರಟು ಹೋಯಿತು. ನಾನು ಹತ್ತಲಿಲ್ಲ. ವಾಪಸ್ಸು ಮೆಟ್ಟಿಲು ಹತ್ತಲೂ ಆಗದೆ ಮಧ್ಯಾಹ್ನದವರೆಗೆ ಔಷಧಿ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದೆ. ಬಂದವರೆಲ್ಲ ಮೈ ಹುಷಾರಿಲ್ಲವಾ ಅಂತ ಕೇಳಿದರು.

ನೀನು ಕೆಲಸಕ್ಕೆ ಹೋಗುತ್ತಿದ್ದೆ ಅಂತ ನನಗೇಕೆ ಹೇಳಲಿಲ್ಲ?

ಅಕ್ಕ


ಜೂನ್ 20

ಮರಿ,

ಜಿಲ್ಲಾ ಕಚೇರಿಗೆ ಮತ್ತೆ ಬರೆದೆ. ತಪ್ಪು ನನ್ನದು, ಆಕೆಯನ್ನು ವಾಪಸ್ಸು ತೆಗೆದುಕೊಳ್ಳಿ, ಬೇಕಾದರೆ ನಮ್ಮ ಊರಿನ ಮೂರು ದಿನ ಬಿಟ್ಟುಕೊಡುತ್ತೇವೆ ಅಂದೆ. 'ವಯೋಮಿತಿ ಸಡಿಲಿಸಲು ಅವಕಾಶವಿಲ್ಲ, ಆದೇಶ ಈ ವರ್ಷಾಂತ್ಯದವರೆಗೆ ಜಾರಿಯಲ್ಲಿರುತ್ತದೆ' ಅಂತ ಎರಡು ಸಾಲಿನ ಉತ್ತರ ಬಂತು. ಇಂಥ ಉತ್ತರಗಳನ್ನು ನಾನೂ ಎಷ್ಟೋ ಜನರಿಗೆ ಬರೆದು ಮಧ್ಯಾಹ್ನ ನೆಮ್ಮದಿಯಾಗಿ ಊಟ ಮಾಡಿದ್ದೇನೆ.

ಇದರ ಜೊತೆ ಒಂದು ಚೆಕ್ ಇಟ್ಟಿದ್ದೇನೆ. ಪ್ರತಿ ತಿಂಗಳೂ ಕಳಿಸುತ್ತೇನೆ. ಬೇಡ ಅನ್ನಬೇಡ. ನೀನು ಬೈದು ಬರೆದರೂ ಸರಿ, ಒಂದು ಸಾಲು ಬರಿ.

ಅಕ್ಕ


ಜುಲೈ 7

ಅಕ್ಕಾ,

ಚೆಕ್ಕನ್ನು ವಾಪಸ್ಸು ಇಟ್ಟಿದ್ದೇನೆ. ಮತ್ತೆ ಕಳಿಸಿದರೆ ಹರಿದು ಹಾಕುತ್ತೇನೆ.

ಆ ಆಫೀಸರ್ ನನ್ನ ಮುಂದೆ ನನ್ನದೇ ಕಾಗದದ ನಕಲು ಹಿಡಿದು, 'ಇದು ನಿಮ್ಮ ಅಕ್ಷರವಾ?' ಅಂತ ಕೇಳಿದಾಗ ನಾನು ಬೇಗ ಹೌದು ಅಂದುಬಿಟ್ಟೆ. ಇಲ್ಲ ಅನ್ನಬಹುದಿತ್ತು. ಆದರೆ ಅದನ್ನು ಅಲ್ಲಿಗೆ ಕಳಿಸಿದವಳು ನೀನು ಅಂತ ಆಗಲೇ ತಲೆಗೆ ಹೊಳೆದಿತ್ತು. ಗಡಿಯಾರದ ತಾತ ವ್ಯಾನಿನೊಳಗಿಂದ, 'ಆಕೆ ಹೋದ್ರೆ ನಾವು ಹತ್ತೋದು ಹೇಗೆ ಸ್ವಾಮಿ?' ಅಂತ ಕೂಗುತ್ತಿದ್ದರು. ಆಫೀಸರ್ ನನ್ನ ಕೋಟಿನ ಜೇಬಿನಲ್ಲಿದ್ದ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು ಕೋಟು ಮಡಚಿ ಬಗಲಲ್ಲಿಟ್ಟುಕೊಂಡರು. ಮನೆಗೆ ನಡೆದೇ ಬಂದೆ. ಎರಡು ತಿಂಗಳು ನಿನಗೆ ಬೈಯುವುದೇ ನನಗೆ ಕೆಲಸ. ಬರೆದ ನಾಲ್ಕು ಕಾಗದ ಒಲೆಗೆ ಹೋದವು. ಇದು ಐದನೆಯದು.

ಯಾಕೆ ಹೇಳಲಿಲ್ಲ ಅಂತ ಕೇಳಿದ್ದೀಯ. ಸ್ಟುಡಿಯೋ ಮಾರಿದ ದುಡ್ಡು ನಮ್ಮವರ ಆಸ್ಪತ್ರೆಯ ಬಿಲ್ಲಿಗೇ ಸರಿಹೋಯಿತು. ಬಡ್ಡಿಯೂ ಇಲ್ಲ, ಬ್ಯಾಂಕೂ ಇಲ್ಲ. ವಯಸ್ಸು ಐವತ್ತೆಂಟು ಅಂತ ಸುಳ್ಳು ಹೇಳಿ ಆಯಾ ಕೆಲಸಕ್ಕೆ ಸೇರಿದೆ. ಯಾರೂ ಸರ್ಟಿಫಿಕೇಟು ಕೇಳಲಿಲ್ಲ. ನಿನ್ನನ್ನು ಕೇಳಿದ್ದರೆ ನೀನು ದುಡ್ಡು ಕೊಡುತ್ತಿದ್ದೆ, ಅದರಲ್ಲಿ ಅನುಮಾನವಿಲ್ಲ. ಕೊಟ್ಟು, ಮುಂದಿನ ಕಾಗದದಲ್ಲಿ ಅದನ್ನು ಹೇಗೆ ಖರ್ಚು ಮಾಡಬೇಕು ಅಂತ ಬರೆಯುತ್ತಿದ್ದೆ.

ಇನ್ನೊಂದು ವಿಷಯ, ಇದನ್ನು ಹೇಳದಿದ್ದರೆ ನಾನೂ ನಿನ್ನಷ್ಟೇ ಸುಳ್ಳಿ ಆಗುತ್ತೇನೆ. ನೀನು ಉರಿದುಕೊಳ್ಳಲಿ ಅಂತಲೇ ನಾನು ಆ ಕಾಗದಗಳನ್ನು ಬರೆದೆ. ಗೊತ್ತಿದ್ದೇ ಬರೆದೆ. ಕೆಲಸ ಸಿಕ್ಕಿತು ಅಂತ ನೀನು ಬರೆದ ದಿನದಿಂದ ನಾನು ನಿನ್ನ ಕಾಗದ ಓದಿ ಉರಿದುಕೊಂಡಿದ್ದೇನೆ. ಬಡ್ತಿ ಬಂತು ಅಂದೆ, ಮನೆ ಕೊಂಡೆ ಅಂದೆ, ಪೆನ್ಷನ್ ಬರುತ್ತದೆ ಅಂದೆ. ನಾನು ಬರೆಯುವುದಕ್ಕೆ ಏನಿತ್ತು? ಕತ್ತಲೆ ಕೋಣೆಯಲ್ಲಿ ಯಾರದೋ ಮದುವೆ ಫೋಟೋ ತೊಳೆದೆ ಅಂತಲೇ? ಈ ವ್ಯಾನು ಬಂದ ಮೇಲೆ ಮೊದಲ ಸಲ ನಿನ್ನ ಹತ್ತಿರ ಇಲ್ಲದ್ದು ನನ್ನ ಹತ್ತಿರ ಇತ್ತು. 'ಕೋಟಿಲ್ಲದವರು ಹೊದ್ದುಕೊಂಡು ಕೂತಿದ್ದೇವೆ' ಅಂತ ನೀನು ಬರೆದ ಸಾಲನ್ನು ನಾನು ಇಡೀ ವ್ಯಾನಿಗೇ ಓದಿ ಹೇಳಿದ್ದೆ. ಅಷ್ಟು ಹಿಗ್ಗು.

ಅದೆಲ್ಲ ಸುಳ್ಳೂ ಆಗಿರಲಿಲ್ಲ ಕಣೇ. ಎಲ್ಲರನ್ನೂ ಇಳಿಸಿದ ಮೇಲೆ ಆ ಬೆಂಚಿನಲ್ಲಿ ನಾನೂ ಹತ್ತು ನಿಮಿಷ ಕೂರುತ್ತಿದ್ದೆ. ಬಿಸಿಲು ನನ್ನ ಮೇಲೂ ಬೀಳುತ್ತಿತ್ತು.

ಈಗ ಬೇಕರಿ ಅಮ್ಮನ ಅಂಗಡಿಯಲ್ಲಿ ಬ್ರೆಡ್ಡು ಕತ್ತರಿಸಿ ಕವರಿಗೆ ಹಾಕುತ್ತೇನೆ. ಸಂಬಳ ಮೊದಲಿನ ಅರ್ಧ, ನಿಂತು ನಿಂತು ಕಾಲು ಕಂಬ. ಆದರೂ ನಡೆಯುತ್ತದೆ. ನಿನ್ನನ್ನು ಕ್ಷಮಿಸಿದ್ದೇನೆ ಅಂತ ತಿಳಿಯಬೇಡ. ಅದಕ್ಕೆ ಇನ್ನೂ ಟೈಮು ಬೇಕು.

ನೀನು ವ್ಯಾನು ಹತ್ತಲಿಲ್ಲ ಅಂತ ಓದಿ ನನಗೆ ಮೊದಲು ಸರಿಯಾಗಿ ಆಯಿತು ಅನ್ನಿಸಿತು. ಎರಡು ದಿನ ಹಾಗೇ ಅನ್ನಿಸಿತು. ಮೂರನೇ ದಿನ ಹಾರ್ನಪ್ಪ ಬ್ರೆಡ್ಡಿಗೆ ಬಂದವನು ಹೇಳಿದ. ಇಲ್ಲಿ ಹತ್ತುವವರು ಹನ್ನೊಂದು ಜನ ಇದ್ದದ್ದು ನಾಲ್ಕು ಜನಕ್ಕೆ ಇಳಿದಿದೆಯಂತೆ. ನಿಮ್ಮ ಊರಿನಲ್ಲಿ ಇಬ್ಬರು. ಜನ ಇಲ್ಲ ಅಂತ ವರ್ಷದ ಕೊನೆಗೆ ಹಣ ನಿಲ್ಲಿಸುತ್ತಾರಂತೆ. ನನ್ನ ಕೆಲಸ ತಿಂದು ತರಿಸಿಕೊಂಡ ವ್ಯಾನು ಅದು, ಅಕ್ಕಾ. ಅದು ಖಾಲಿ ಓಡಿದರೆ ನಾನು ಸುಮ್ಮನಿರುವುದಿಲ್ಲ.

ಆದ್ದರಿಂದ ಸರಿಯಾಗಿ ಓದಿಕೋ. ಔಷಧಿ ಅಂಗಡಿಯವಳ ಹತ್ತಿರ ಒಂದು ಗಟ್ಟಿ ಮರದ ಪೆಟ್ಟಿಗೆ ಇರುತ್ತದೆ, ಔಷಧಿ ಬರುವಂಥದ್ದು, ಒಂದು ಗೇಣು ಎತ್ತರದ್ದು. ಅದನ್ನು ಬಾಗಿಲ ಕೆಳಗೆ ಇಡಲು ಹೇಳು. ಎಡಮಂಡಿ ನೋವಲ್ಲವಾ, ಹತ್ತುವಾಗ ಬಲಗಾಲು ಮೊದಲು. ಬಲಗೈ ಒಳಗಿನ ಕಂಬಿಗೆ, ಎಡಗೈ ಅವಳ ಹೆಗಲ ಮೇಲೆ. ಅವಳಿಗೆ ತಳ್ಳಬೇಡ, ಸುಮ್ಮನೆ ಕಂಬದ ಹಾಗೆ ನಿಲ್ಲು ಅಂತ ಹೇಳು. ತಲೆ ಬಗ್ಗಿಸು. ಎಲ್ಲರೂ ಮೊದಲ ದಿನ ತಲೆ ಹೊಡೆದುಕೊಳ್ಳುತ್ತಾರೆ. ಇಳಿಯುವಾಗ ಎಡಗಾಲು ಮೊದಲು. ಪೇಪರ್ ಓದುವ ಆ ಗಂಡಸಿಗೆ ಜೋರು ಮಾಡಿ ಪೆಟ್ಟಿಗೆ ಒಳಗೆ ಎತ್ತಿಡಲು ಹೇಳು, ಇಳಿಯುವ ಕಡೆಯೂ ಅದು ಬೇಕಾಗುತ್ತದೆ. ಜೋರು ಮಾಡುವುದು ನಿನಗೆ ನಾನು ಹೇಳಿಕೊಡಬೇಕಿಲ್ಲ.

ಅರವತ್ತೈದು ದಾಟಿದೆ, ನಾನೂ ಹೆಸರು ಬರೆಸಬಹುದು. ಬರೆಸಿಲ್ಲ. ಬೇರೆಯವರು ಹತ್ತಲಾರದೆ ಒದ್ದಾಡುವಾಗ ನಾನು ಪ್ರಯಾಣಿಕಳ ಹಾಗೆ ಕೈಕಟ್ಟಿ ಕೂರುವುದು ನನ್ನಿಂದ ಸಾಧ್ಯವಿಲ್ಲ.

ನೀನು ಹೋಗು. ಸೋಮವಾರವೇ ಹೋಗು. ಬಾಗಿಲ ಪಕ್ಕದ ಸೀಟಿನಲ್ಲೇ ಕೂರು. ಹೋಗಿ ಬಂದು ಎಲ್ಲಿ ಇಳಿದೆ, ಏನು ನೋಡಿದೆ, ಯಾರ ಹತ್ತಿರ ಮಾತಾಡಿದೆ, ಬಿಸಿಲು ಹೇಗಿತ್ತು, ಎಲ್ಲಾ ಬರಿ. ನನಗೆ ಬೇಜಾರಾಗುತ್ತದೆ ಅಂತ ಒಂದು ಚೂರೂ ಕಡಿಮೆ ಮಾಡಬೇಡ. ಕಾಗದ ಓದಿ ನನ್ನ ಹೊಟ್ಟೆ ಉರಿಯಬೇಕು.

ಮರಿ